ನನಗೆ ತೆರೆಯುವ ತಾಣ ಅವರಿಗೇಕೆ ತೆರೆಯದು?

ನಾನು ನೋಡಿಕೊಳ್ಳುವ ಪುಟ್ಟ ಜಾಲತಾಣವೊಂದಿದೆ. ಹಳೆಯ ಕನ್ನಡ ನಿಯತಕಾಲಿಕಗಳ ಸೂಚಿ ಬಿಟ್ಟರೆ ಅದರಲ್ಲಿ ಹೆಚ್ಚಿನದೇನೂ ಇಲ್ಲ. ಒಂದು ದಿನ ಶಿರಸಿಯ ಓದುಗರೊಬ್ಬರು ಫೋನ್ ಮಾಡಿ, ‘ಮೂರು ದಿನದಿಂದ ನಿಮ್ಮ ಸೈಟು ಬರ್ತಾನೇ ಇಲ್ವಲ್ಲ ಸಾರ್’ ಎಂದರು. ಅದೇ ಹೊತ್ತಿಗೆ ಆ ತಾಣ ನನ್ನ ಪರದೆಯ ಮೇಲೆ ತೆರೆದೇ ಇತ್ತು. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡುವಂತೆ ಹೇಳಿದೆ, ತಕ್ಷಣ ಬಂತು. ವೈಫೈಗೆ ಮರಳಿದರೆ ಮತ್ತೆ ಬರಿಯ ಬಿಳಿ ಪುಟ, ಅದರ ಮೇಲೆ ತಿರುಗುತ್ತಲೇ ಇರುವ ಚಕ್ರ.

ತಾಣ ಪೂರ್ತಿ ನಿಂತುಹೋದರೆ ಎಲ್ಲಿ ನೋಡಬೇಕೆಂಬುದು ಬಹುಮಟ್ಟಿಗೆ ಗೊತ್ತಿರುತ್ತದೆ. ಕೆಲವರಿಗೆ ಮಾತ್ರ ಸಿಗದಿದ್ದಾಗಲೇ ಪೇಚು, ಏಕೆಂದರೆ ಆಗ ಸರ್ವರ್ ಕೆಟ್ಟಿದೆಯೇ ಎಂದು ಕೇಳುವುದಕ್ಕಿಂತ ಕಾಣದವರೆಲ್ಲರಿಗೂ ಸಮಾನವಾಗಿರುವುದು ಏನೆಂದು ಕೇಳಬೇಕಾಗುತ್ತದೆ. ಆ ಸಮಾನಾಂಶ ಕೆಲವೊಮ್ಮೆ ಉಪಕರಣದ ವಯಸ್ಸಾಗಿರುತ್ತದೆ: 2021ರ ಸೆಪ್ಟೆಂಬರ್ 30ರಂದು, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ, ತಾಣ ಅಸಲಿಯೆಂದು ಬ್ರೌಸರಿಗೆ ಸಾರುವ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ಹೊಸದನ್ನು ಅರಿಯದ ಹಳೆಯ ಯಂತ್ರಗಳು ಮಾತ್ರ ಎಷ್ಟೋ ತಾಣಗಳನ್ನು ನಂಬಲು ನಿರಾಕರಿಸಿದವು. ಕೆಲವೊಮ್ಮೆ ಅದು ನೆನಪು: ತಾಣದ ಹೆಸರಿಗೆ ಸಂಖ್ಯೆಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ಗಳು ಒಮ್ಮೆ ಪಡೆದ ಉತ್ತರವನ್ನು ನಿಗದಿತ ಅವಧಿಯವರೆಗೆ ಇಟ್ಟುಕೊಳ್ಳುತ್ತವೆ, ಆ ಅವಧಿ 86,400 ಸೆಕೆಂಡು, ಅಂದರೆ ಒಂದು ಇಡೀ ದಿನವೆಂದಿದ್ದರೆ, ತಾಣ ಬೇರೆ ಸರ್ವರ್‌ಗೆ ಹೋದ ಮೇಲೂ ಕೆಲವರು ಮರುದಿನದವರೆಗೆ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತಾರೆ.

ಆದರೆ ಹೆಚ್ಚು ಸ್ವಾರಸ್ಯವಿರುವುದು ದಾರಿಯೇ ತಪ್ಪುವ ಪ್ರಕರಣಗಳಲ್ಲಿ. ಅಂತರಜಾಲದ ಜಾಲಗಳು ‘ಇಷ್ಟು ವಿಳಾಸಗಳಿಗೆ ನನ್ನ ಮೂಲಕ ಬನ್ನಿ’ ಎಂದು ಒಂದಕ್ಕೊಂದು ಸಾರಿಕೊಳ್ಳುತ್ತವೆ. ಈ ಏರ್ಪಾಡಿಗೆ ಬಿಜಿಪಿ ಎಂದು ಹೆಸರು. ಇಬ್ಬರು ಸಾರಿದರೆ, ಯಾರು ಚಿಕ್ಕ ಗುಂಪಿನ ವಿಳಾಸಗಳನ್ನು ಹೆಚ್ಚು ನಿಖರವಾಗಿ ಹೇಳಿದರೋ ಅವರ ಮಾತನ್ನೇ, ದತ್ತಾಂಶಕ್ಕೆ ದಾರಿ ತೋರುವ ರೂಟರ್‌ಗಳು ಕೇಳುತ್ತವೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ಸಂಸ್ಥೆ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲೆಂದು ಅದರ 256 ವಿಳಾಸಗಳನ್ನು ತನ್ನವೆಂದು ಸಾರಿತು. ದೇಶದೊಳಗೇ ಉಳಿಯಬೇಕಾಗಿದ್ದ ಆ ಸಾರಿಕೆಯನ್ನು ಮೇಲಿನ ಜಾಲವಾದ ಪಿಸಿಸಿಡಬ್ಲ್ಯು ಪರಿಶೀಲಿಸದೆ ಜಗತ್ತಿಗೆ ದಾಟಿಸಿತು. ಯೂಟ್ಯೂಬ್ ಅದೇ ವಿಳಾಸಗಳನ್ನು 1,024ರ ದೊಡ್ಡ ಗುಂಪಿನೊಳಗೆ ಸಾರಿದ್ದರಿಂದ, ಭಾರತೀಯ ಕಾಲಮಾನದಲ್ಲಿ ನಡುರಾತ್ರಿ ಕಳೆದು 12.17ರ ಹೊತ್ತಿಗೆ ಜಗತ್ತಿನ ಬಹುಪಾಲು ರೂಟರ್‌ಗಳು ವೀಡಿಯೊ ಬೇಡಿಕೆಗಳನ್ನು ಪಾಕಿಸ್ತಾನದ ದಿಕ್ಕಿಗೆ ಕಳುಹಿಸಲಾರಂಭಿಸಿದವು.

ನಮ್ಮ ಪ್ರಶ್ನೆಗೆ ಹತ್ತಿರದ್ದು ಆಮೇಲಿನ ಘಟ್ಟ. ಸುಮಾರು 80 ನಿಮಿಷಗಳ ನಂತರ ಯೂಟ್ಯೂಬ್ ಕೂಡ ಅದೇ 256 ವಿಳಾಸಗಳ ಗುಂಪನ್ನು ಸಾರಿತು. ಈಗ ಇಬ್ಬರ ಮಾತಿನ ತೂಕವೂ ಒಂದೇ ಆದ್ದರಿಂದ ಪ್ರತಿ ರೂಟರ್ ತನಗೆ ಹತ್ತಿರವೆನಿಸಿದ ದಾರಿಯನ್ನು ಹಿಡಿಯಿತು. ಕೆಲವರಿಗೆ ಯೂಟ್ಯೂಬ್ ಮರಳಿತು, ಮಿಕ್ಕವರಿಗೆ ಇಲ್ಲ. ಯೂಟ್ಯೂಬಿನ ಸರ್ವರ್‌ಗಳಲ್ಲಿ ಆ ರಾತ್ರಿ ಎಷ್ಟು ತಡಕಾಡಿದರೂ ಈ ವ್ಯತ್ಯಾಸದ ಕಾರಣ ಸಿಗುತ್ತಿರಲಿಲ್ಲ. ಹನ್ನೊಂದು ನಿಮಿಷ ಬಿಟ್ಟು ಅದು ತನ್ನ ವಿಳಾಸಗಳನ್ನು 128ರ ಎರಡು ಗುಂಪುಗಳಾಗಿ ಒಡೆದು ಸಾರಿತು. ಕೊನೆಗೆ ಪಿಸಿಸಿಡಬ್ಲ್ಯು ತಪ್ಪು ಸಾರಿಕೆಯನ್ನು ಹಿಂತೆಗೆದುಕೊಂಡಾಗ ಎರಡು ಗಂಟೆಗೂ ಮೇಲಾಗಿತ್ತು.

ಶಿರಸಿಯ ಪ್ರಕರಣ ಇಷ್ಟು ದೊಡ್ಡದೇನಲ್ಲ. ಡಿಎನ್‌ಎಸ್ ಕೊಟ್ಟ ವಿಳಾಸ ಸರಿಯಾಗಿತ್ತು. ಸರ್ವರ್‌ನೊಂದಿಗೆ ಸಂಪರ್ಕವೂ ಏರ್ಪಡುತ್ತಿತ್ತು, ಆಮೇಲೆ ಮೌನ. ಪಿಂಗ್ ಮಾಡಿಸಿದರೆ, ಅಂದರೆ ಪುಟ್ಟ ಸಂದೇಶ ಕಳುಹಿಸಿ ಸರ್ವರ್ ಓಗೊಡುತ್ತದೆಯೇ ಎಂದು ನೋಡಿಸಿದರೆ, ಉತ್ತರವಿಲ್ಲ. ಸಿಕ್ಕಿತು ಕಾರಣ ಎಂದುಕೊಂಡು, ತಾಣ ಚೆನ್ನಾಗಿ ತೆರೆಯುತ್ತಿದ್ದ ನನ್ನ ಕಂಪ್ಯೂಟರಿನಿಂದಲೂ ಪಿಂಗ್ ಮಾಡಿದೆ; ಅಲ್ಲೂ ಉತ್ತರವಿಲ್ಲ! ಪಿಂಗ್ ಬಳಸುವ, ಜಾಲದ ಸ್ಥಿತಿಗತಿ ತಿಳಿಸುವ ಐಸಿಎಂಪಿ ಸಂದೇಶಗಳನ್ನು ಸರ್ವರಿನ ಕಾವಲುಗಾರನಾದ ಫೈರ್‌ವಾಲ್ ಎಲ್ಲರಿಂದಲೂ ತಡೆಯುತ್ತಿತ್ತು. ಇದು ಕಾರಣವಲ್ಲವೆಂದು ಅದನ್ನು ಬದಿಗಿಟ್ಟದ್ದು ನನ್ನ ತಪ್ಪು.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್, ಅಂದರೆ ಒಮ್ಮೆಗೆ ಸಾಗುವ ದತ್ತಾಂಶದ ಕಟ್ಟು, ಸಾಮಾನ್ಯವಾಗಿ 1,500 ಬೈಟ್‌ಗಳವರೆಗೆ ಇರಬಹುದು. ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಜೋಡಿಸಿಕೊಳ್ಳುವ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಪಿಪಿಪಿಒಇ ಎಂಬ ವಿಧಾನವನ್ನು ಬಳಸುತ್ತವೆ. ಅದು ತನ್ನ ಹೊದಿಕೆಗೆ 8 ಬೈಟ್ ತೆಗೆದುಕೊಳ್ಳುವುದರಿಂದ ಉಳಿಯುವುದು 1,492. ಸರ್ವರ್ ‘ಒಡೆಯಬಾರದು’ ಎಂಬ ಗುರುತು ಹಾಕಿ 1,500 ಬೈಟ್‌ಗಳ ಪ್ಯಾಕೆಟ್ ಕಳುಹಿಸಿದರೆ, ನಡುವಿನ ರೂಟರ್ ಅದನ್ನು ಎಸೆದು, ‘ದೊಡ್ಡದಾಯಿತು, ಚಿಕ್ಕದು ಕಳುಹಿಸಿ’ ಎಂಬ ಸಂದೇಶವನ್ನು ಹಿಂದಕ್ಕೆ ಅಟ್ಟುತ್ತದೆ. ಆ ಸಂದೇಶವೂ ಐಸಿಎಂಪಿಯೇ. ಫೈರ್‌ವಾಲ್ ಅದನ್ನು ನುಂಗಿದರೆ ಸರ್ವರ್ ಮತ್ತೆ ಮತ್ತೆ ಅದೇ ದೊಡ್ಡ ಪ್ಯಾಕೆಟನ್ನು ಕಳುಹಿಸುತ್ತ ಕೂರುತ್ತದೆ. ಸಂಪರ್ಕ ಕುದುರಿಸುವ ಮೊದಲ ಪ್ಯಾಕೆಟ್‌ಗಳು ಚಿಕ್ಕವಾದ್ದರಿಂದ ದಾಟುತ್ತವೆ, ಪ್ರಮಾಣಪತ್ರ ಹೊತ್ತ ದೊಡ್ಡವು ದಾಟುವುದಿಲ್ಲ. ಬಿಳಿ ಪುಟ ಹುಟ್ಟುವುದು ಹೀಗೆ. ಅನೇಕ ಮನೆಗಳ ರೂಟರ್‌ಗಳು ಚಿಕ್ಕ ಪ್ಯಾಕೆಟ್‌ಗಳನ್ನೇ ಕಳುಹಿಸುವಂತೆ ಮೊದಲೇ ಸರ್ವರಿಗೆ ತಿಳಿಸಿಬಿಡುವುದರಿಂದ, ಈ ಸಂಪರ್ಕವಿರುವ ಎಲ್ಲರಿಗೂ ತೊಂದರೆಯಾಗುವುದಿಲ್ಲ.

ಪರೀಕ್ಷೆಗೆಂದು ಅವರ ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು 1,400ಕ್ಕೆ ಇಳಿಸಲು ಹೇಳಿದೆ. ಪುಟ ತೆರೆಯಿತು. ಫೈರ್‌ವಾಲ್‌ನಲ್ಲಿ ಆ ಒಂದು ಬಗೆಯ ಸಂದೇಶಕ್ಕೆ ದಾರಿ ಬಿಟ್ಟು, ಗಾತ್ರವನ್ನು ಮತ್ತೆ 1,500ಕ್ಕೆ ಏರಿಸಿ ನೋಡಿ ಎಂದೆ, ಆಗಲೂ ತೆರೆಯಿತು. ‘ಯಾರು ಸಾರ್ ಇದನ್ನು ಮುಚ್ಚಿಟ್ಟಿದ್ದು?’ ಎಂದು ಅವರು ಕೇಳಿದರು. ಮೂರು ದಿನದ ಹಿಂದೆ, ಭದ್ರತೆಯನ್ನು ಬಿಗಿ ಮಾಡುತ್ತೇನೆಂದು ರಾತ್ರಿ ಕುಳಿತು ಆ ಸಾಲನ್ನು ಬರೆದವನು ನಾನೇ.