ರವೀಂದ್ರ ಕಲಾಕ್ಷೇತ್ರದ ಹುಟ್ಟು ಮತ್ತು ಕೊಡಗಿನ ರಂಗಭೂಮಿ

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಒಂದು ಪ್ರಯೋಗ ನೀಡುವುದೆಂದರೆ ಕೊಡಗಿನ ಹವ್ಯಾಸಿ ತಂಡಗಳಿಗೆ ಇಂದಿಗೂ ದೊಡ್ಡ ಮಾತು. ಅಂಥದ್ದೊಂದು ಮಂದಿರ ಬೆಂಗಳೂರಿನಲ್ಲಿ ಎದ್ದದ್ದಕ್ಕೂ ಮಡಿಕೇರಿಗೆ ಬಾರದಿದ್ದುದಕ್ಕೂ ಕಾರಣವನ್ನು ಅಂದಿನ ರಾಜ್ಯ ಪುನರ್ವಿಂಗಡಣೆಯಲ್ಲಿಯೇ ಹುಡುಕಬೇಕು.

1961ರಲ್ಲಿ ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವ ನಡೆಯಿತು. ಅದರ ನೆನಪಿಗಾಗಿ ರಾಜ್ಯಗಳ ರಾಜಧಾನಿಗಳಲ್ಲಿ ರಂಗಮಂದಿರ ಕಟ್ಟಲು ಕೇಂದ್ರ ಸರ್ಕಾರ ನೆರವು ನೀಡಿತು. ಹೈದರಾಬಾದಿನ ರವೀಂದ್ರ ಭಾರತಿ, ಚಂಡೀಗಢದ ಟ್ಯಾಗೋರ್ ಥಿಯೇಟರ್ ಆ ಕಾಲದವೇ. 1963ರಲ್ಲಿ ಬೆಂಗಳೂರಿನ ಕಲಾಕ್ಷೇತ್ರ ಉದ್ಘಾಟನೆಯಾಯಿತು. ಆದರೆ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ, ತನ್ನದೇ ವಿಧಾನಸಭೆಯಿದ್ದ ಕೊಡಗು ರಾಜ್ಯವು 1956ರ ನವೆಂಬರ್ 1ರಂದೇ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿದ್ದರಿಂದ, ಈ ನೆರವು ಬರುವ ಹೊತ್ತಿಗೆ ಮಡಿಕೇರಿ ಒಂದು ಜಿಲ್ಲಾ ಕೇಂದ್ರವಷ್ಟೇ ಆಗಿತ್ತು.

ಹಾಗೆಂದು ಇಲ್ಲಿ ನಾಟಕದ ಪರಂಪರೆಗೆ ಕೊರತೆಯಿರಲಿಲ್ಲ. ಹರದಾಸ ಅಪ್ಪಚ್ಚ ಕವಿಗಳು 1906ರಷ್ಟು ಹಿಂದೆಯೇ ಕೊಡವ ಭಾಷೆಯಲ್ಲಿ ಯಯಾತಿಯ ಕಥೆಯನ್ನು ರಂಗಕ್ಕೆ ತಂದಿದ್ದರು. ಮುಂದೆ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿಯರ ಕಥೆಗಳನ್ನೂ ಹಾಡುಗಳ ಸಮೇತ ನಾಟಕವಾಗಿಸಿದರು.

ಕಲಾಕ್ಷೇತ್ರದ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟನೆ ಅದರ ಸಭಾಂಗಣದ ಹೊರಗೆ ನಡೆಯಿತು. 1972ರಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಕಟ್ಟಡದ ಹಿಂಬದಿಯ ಬಯಲಿನಲ್ಲಿ ಆಡಿಸಿದರು. ಪರದೆಯ ಚೌಕಟ್ಟಿನಿಂದ ಹೊರಬಂದ ಆ ಪ್ರಯೋಗಗಳಿಂದ ಹವ್ಯಾಸಿ ರಂಗಭೂಮಿಯ ದಿಕ್ಕೇ ಬದಲಾಯಿತು. ಅಲ್ಲಿನ ಬಯಲು ರಂಗಮಂದಿರಕ್ಕೆ ಇಂದು ನಾಟಕಕಾರ ಸಂಸರ ಹೆಸರಿದೆ.

ಬಯಲೇ ಸಾಕೆಂಬ ಮಾತು ಕೊಡಗಿಗೆ ಮಾತ್ರ ಒಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ದರ್ಬಾರು. ದಸರೆಯಲ್ಲಿ ಗಾಂಧಿ ಮೈದಾನದ ವೇದಿಕೆ ಕಳೆಗಟ್ಟುತ್ತದೆ, ಆದರೆ ಅದು ಹಬ್ಬದೊಂದಿಗೆ ಮುಗಿಯುತ್ತದೆ. ಉಳಿದ ದಿನಗಳಲ್ಲಿ ತಂಡಗಳು ಆಶ್ರಯಿಸುವ ಸಭಾಂಗಣಗಳು ಬಹುಪಾಲು ಮದುವೆ, ಸಭೆಗಳಿಗೆಂದು ಕಟ್ಟಿದವು. ಅಂಥ ಕಡೆ ವೇದಿಕೆಯ ಪಕ್ಕದಲ್ಲಿ ನಟರು ಮರೆಯಾಗಿ ನಿಲ್ಲಲು ಜಾಗವಿರುವುದಿಲ್ಲ, ದೀಪ ಕಟ್ಟಲು ಮೇಲೆ ಕಂಬಿಯಿರುವುದಿಲ್ಲ. ಶೀಟಿನ ಮಾಡಿನ ಮೇಲೆ ಜೋರು ಮಳೆ ಬಿದ್ದರಂತೂ ಮೂರನೆಯ ಸಾಲಿಗೇ ಸಂಭಾಷಣೆ ತಲುಪದು. ಆದ್ದರಿಂದ ಕೊಡಗಿನಲ್ಲಿ ರಂಗಮಂದಿರ ಕಟ್ಟುವಾಗ ಆಸನಗಳ ಸಂಖ್ಯೆಗಿಂತ ಮೊದಲು ಮಳೆಯ ಸದ್ದು ಒಳಗಿಳಿಯದ ಮಾಡನ್ನೂ, ವೇದಿಕೆಯ ಎರಡೂ ಪಕ್ಕ ಸಾಕಷ್ಟು ಜಾಗವನ್ನೂ ನಕ್ಷೆಯಲ್ಲಿ ಗುರುತಿಸಬೇಕು.