ಹಳೇದೆಲ್ಲಾ ಸಂಪ್ರದಾಯ ಅಲ್ಲ ಸ್ವಾಮಿ

ಭಾನುವಾರ ಆರಾಧನೆ ಮುಗಿಸಿ ಇನ್ನೇನು ಊಟಕ್ಕೆ ಕೂರ್ಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತೆ, ದೇವಶಾಸ್ತ್ರ ಕಾಲೇಜಲ್ಲಿ ಸಭಾಚರಿತ್ರೆ (ಕ್ರೈಸ್ತ ಸಭೆಯ, ಅಂದ್ರೆ ಚರ್ಚಿನ ಇತಿಹಾಸ) ಪಾಠ ಮಾಡೋನಿಗೆ ಇದು ತಪ್ಪಿದ್ದಲ್ಲ. ಈ ಸಲ ಒಬ್ಬ ಸಭಾಹಿರಿಯರು. ಒಳ್ಳೆ ಮನುಷ್ಯ, ಕಷ್ಟ ಅಂದ್ರೆ ಮೊದಲು ಓಡೋರು ಅವರೇ. ಹುಡುಗೀರು ತಲೆ ಮೇಲೆ ದುಪಟ್ಟಾ ಹಾಕ್ದೆ ಚರ್ಚಿಗೆ ಬರ್ತಾರೆ ಅಂತ ಕಮಿಟೀಲಿ ಜಗಳ ಆಗಿದೆಯಂತೆ. "ಸರ್, ಆದಿ ಸಭಾಪಿತೃಗಳದ್ದು ಒಂದೇ ಒಂದು ಮಾತು ಕೊಡಿ, ಇದು ಸಂಪ್ರದಾಯ ಅಂತ ತೋರಿಸಿ ಎಲ್ಲರ ಬಾಯಿ ಮುಚ್ಚಿಸ್ತೀನಿ" ಅಂದ್ರು.

ಸಭಾಪಿತೃಗಳು ಅಂದ್ರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳು. ಮಾತೇನೋ ಇದೆ, ಕಷ್ಟ ಇರೋದೇ ಅಲ್ಲಿ. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ 3ನೇ ಶತಮಾನದ ಆರಂಭದಲ್ಲಿ, ಮದುವೆಯಾಗದ ಹುಡುಗೀರೂ ಮುಸುಕು ಹಾಕ್ಬೇಕು ಅಂತ ಒಂದು ಪುಸ್ತಕಾನೇ ಬರೆದಿದಾನೆ. ಆದ್ರೆ ಅಲ್ಲಿ ರೂಢಿ ರೂಢಿ ಅಂತ ಹಿಡ್ಕೊಂಡು ಕೂತಿದ್ದೋರು ಮುಸುಕು ಬೇಡ ಅನ್ನೋರು! ಅವ್ರಿಗೆ ಇವನು ಕೊಟ್ಟ ಉತ್ತರ ಏನಂದ್ರೆ, ಕ್ರಿಸ್ತ ತನ್ನನ್ನ ಸತ್ಯ ಅಂತ ಕರ್ಕೊಂಡಿದ್ದು, ರೂಢಿ ಅಂತಲ್ಲ. ಅಂದ್ರೆ ನಮ್ಮ ಹಿರಿಯರಿಗೆ ಬೇಕಾದ ತೀರ್ಪು ಸಿಗುತ್ತೆ, ಆದ್ರೆ ಅವರ ವಾದ ಬಿದ್ದೋಗುತ್ತೆ. ಇದೇ ತೆರ್ತುಲಿಯನ್ ಇನ್ನೊಂದು ಪುಸ್ತಕದಲ್ಲಿ, ಶಾಸ್ತ್ರದಲ್ಲಿ ಬರೆದಿಲ್ದಿದ್ರೂ ನಾವು ಪಾಲಿಸೋ ಆಚಾರಗಳು ಇದಾವಲ್ಲ ಅಂತ ರೂಢಿ ಪರವಾಗೇ ವಾದ ಮಾಡ್ತಾನೆ, ಅಲ್ಲಿ ಪಟ್ಟಿನೂ ಕೊಡ್ತಾನೆ: ದೀಕ್ಷಾಸ್ನಾನದಲ್ಲಿ ಮೂರು ಸಲ ಮುಳುಗೋದು, ಆಮೇಲೆ ಹಾಲು ಜೇನು ಕುಡಿಯೋದು, ಅವತ್ತಿಂದ ಒಂದು ವಾರ ಸ್ನಾನ ಮಾಡ್ದೆ ಇರೋದು. ಒಂದು ವಾರ ಸ್ನಾನ ಬಿಡೋ ಸಂಪ್ರದಾಯಾನೂ ಕಮಿಟೀಲಿ ಪಾಸ್ ಮಾಡಿಸ್ತೀರಾ ಅಂತ ಕೇಳಿದೆ. ನಗಲಿಲ್ಲ ಅವರು.

ನೋಡಿ, ಎಲ್ಲರೂ ಎಡವೋದು ಒಂದೇ ಕಡೆ. ಕ್ಲಾಸಲ್ಲಿ ವರ್ಷಾವರ್ಷ ಹೇಳ್ತೀನಿ, ಮತ್ತೆ ಹೇಳ್ತೀನಿ. ಸಂಪ್ರದಾಯ ಅನ್ನೋ ಪದದ ಒಳಗೇ 'ದಾ' ಅಂತ ಇದೆ, ಕೊಡೋದು ಅಂತ. ಗ್ರೀಕ್‌ನ ಪಾರದೊಸಿಸ್ ಅನ್ನೋದೂ ಅದೇ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸೋದು. ಹಾಗಾಗಿ ಎಷ್ಟು ಹಳೇದು ಅಂತ ಕೇಳೋದಲ್ಲ, ಯಾರು ಯಾರಿಗೆ ಕೊಟ್ರು, ಎಲ್ಲರ ಕಣ್ಣೆದುರು ಕೊಟ್ರಾ, ಕೊಟ್ಟ ಗಂಟಲ್ಲಿ ಏನಿತ್ತು, ಇದನ್ನ ಕೇಳ್ಬೇಕು.

ಸುಮಾರು 180ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್‌ನ ಬಿಷಪ್ ಐರೇನಿಯಸ್ ಅವರಿಗೆ ಎದುರಾಗಿದ್ದೋರು ನಾಸ್ಟಿಕ್‌ಗಳು (ನಾಸ್ತಿಕರಲ್ಲ ಮಾರಾಯ್ರೆ, ಪರೀಕ್ಷೆ ಪೇಪರಲ್ಲಿ ಪ್ರತಿ ವರ್ಷ ಯಾರಾದ್ರೂ ಹಾಗೇ ಬರೀತಾರೆ). ಅಪೊಸ್ತಲರು ಗುಟ್ಟಾಗಿ ಹೇಳಿಕೊಟ್ಟ ವಿದ್ಯೆ ನಮ್ಮ ಹತ್ರ ಇದೆ ಅಂತ ಇವ್ರು. ಐರೇನಿಯಸ್ ಕೇಳಿದ್ದು ಸಿಂಪಲ್: ಅಂಥಾ ಗುಟ್ಟು ಇದ್ದಿದ್ರೆ ಸಭೆಗಳನ್ನೇ ಯಾರ ಕೈಗೆ ಒಪ್ಪಿಸಿದ್ರೋ ಅವ್ರಿಗೆ ಹೇಳ್ತಿರ್ಲಿಲ್ವಾ? ರೋಮಿನ ಬಿಷಪ್‌ಗಳನ್ನ ಲೀನುಸ್‌ನಿಂದ ತಮ್ಮ ಕಾಲದವರೆಗೂ ಹೆಸರು ಹೆಸರಾಗಿ ಎಣಿಸಿ ತೋರಿಸ್ತಾರೆ. ಇನ್ನು ಗಂಟು ಬಿಚ್ಚಿದ್ರೆ ಒಳಗೆ ಇರೋದು ಎಲ್ಲವನ್ನೂ ಸೃಷ್ಟಿಸಿದ ಒಬ್ಬ ದೇವರು, ಮನುಷ್ಯನಾಗಿ ಬಂದ ಯೇಸು ಕ್ರಿಸ್ತ, ಪವಿತ್ರಾತ್ಮ, ಪುನರುತ್ಥಾನ, ನ್ಯಾಯತೀರ್ಪು, ನಾವು ವಿಶ್ವಾಸಪ್ರಮಾಣದಲ್ಲಿ ಹೇಳೋದೇ ಹೆಚ್ಚುಕಮ್ಮಿ. ದುಪಟ್ಟಾ ಇಲ್ಲ.

ಇಷ್ಟು ಕೇಳಿ ಐರೇನಿಯಸ್ ಹೇಳಿದ್ದೆಲ್ಲಾ ಹಾಗ್ಹಾಗೇ ತಲೆ ಮೇಲೆ ಹೊತ್ಕೋಬೇಡಿ ಮತ್ತೆ. ಯೇಸು ಐವತ್ತರ ಹತ್ತಿರ ಹತ್ತಿರ ಬದುಕಿದ್ದ, ಏಷ್ಯಾದಲ್ಲಿ (ಅಂದ್ರೆ ಈಗಿನ ಟರ್ಕಿಯ ಪಶ್ಚಿಮ ಭಾಗ) ಯೇಸುವಿನ ಶಿಷ್ಯ ಯೋಹಾನನ ಜೊತೆಗಿದ್ದ ಹಿರಿಯರೇ ಹೀಗೆ ಹೇಳ್ತಾರೆ ಅಂತ, ನಾಸ್ಟಿಕ್‌ಗಳ ವಿರುದ್ಧ ಬರೆದ ಅದೇ ಪುಸ್ತಕದಲ್ಲಿ ಬರೆದಿದಾರೆ. ಇವತ್ತು ಇದನ್ನ ಯಾವ ಸಭೆನೂ ಒಪ್ಪಲ್ಲ. ಚಿಕ್ಕಂದಿನಲ್ಲಿ ಅದೇ ಏಷ್ಯಾದ ಸ್ಮಿರ್ನಾ ಊರಿನ ಬಿಷಪ್ ಪಾಲಿಕಾರ್ಪ್ ಅವರನ್ನ ಕಣ್ಣಾರೆ ಕಂಡಿದ್ದವರು ಇವರು, ಆ ಪಾಲಿಕಾರ್ಪ್ ಯೋಹಾನನ್ನ ಕಂಡಿದ್ದವರು ಅಂತ ಇವರೇ ಹೇಳ್ತಾರೆ, ಅಷ್ಟು ಹತ್ತಿರದ ಕೈಯಿಂದ ಬಂದಿದ್ದೂ ಎಡವುತ್ತೆ.

ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅವರ ವಿಷಯಾನೂ ಹೀಗೇ. ಸತ್ಯ ಇಲ್ಲದ ರೂಢಿ ಬರೀ ಹಳೇ ತಪ್ಪು ಅಂತ 256ರ ಸುಮಾರಿಗೆ ಬರೆದ್ರಲ್ಲ, ವಾಟ್ಸಾಪಲ್ಲಿ ಹೂವಿನ ಫೋಟೋ ಮೇಲೆ ಓಡಾಡೋ ಮಾತು, ಅದು ಬಂದಿದ್ದು ಸಭೆಯಿಂದ ಬೇರೆಯಾದ ಪಂಥದವರ ಹತ್ರ ದೀಕ್ಷಾಸ್ನಾನ ಪಡೆದು ಬಂದೋರಿಗೆ ಮತ್ತೆ ಕೊಡ್ಬೇಕಾ ಅನ್ನೋ ಜಗಳದಲ್ಲಿ. ಕೊಡ್ಬೇಕು ಅಂದ್ರು ಇವರು, ರೋಮಿನ ಬಿಷಪ್ ಸ್ಟೀಫನ್ ಬೇಡ ಅಂದ್ರು. ಪಶ್ಚಿಮದ ಸಭೆ ಕೊನೆಗೆ ಹೋಗಿದ್ದು ಸ್ಟೀಫನ್ ದಾರೀಲಿ. ಮಾತು ಉಳೀತು, ವಾದ ಸೋತಿತು.

ಹಿರಿಯರಿಗೆ ಕೊನೆಗೆ ಈಸ್ಟರ್ ಕತೆ ಹೇಳಿದೆ. 2ನೇ ಶತಮಾನದ ಮಧ್ಯದಲ್ಲಿ ಪಾಲಿಕಾರ್ಪ್ ಸ್ಮಿರ್ನಾದಿಂದ ಅಷ್ಟು ದೂರ ರೋಮಿಗೆ ಹೋದ್ರು, ಅಲ್ಲಿನ ಬಿಷಪ್ ಅನಿಸೇಟಸ್ ಅವರ ಜೊತೆ ಈಸ್ಟರ್ ಆಚರಿಸೋ ಬಗ್ಗೆ ಮಾತಾಯ್ತು, ಇಬ್ಬರೂ ನಮ್ಮ ಹಿಂದಿನೋರು ಹೀಗೇ ಮಾಡ್ತಿದ್ರು ಅಂದ್ರು, ಇಬ್ಬರೂ ಒಪ್ಪಲಿಲ್ಲ, ಆದ್ರೂ ಅನಿಸೇಟಸ್ ತಮ್ಮ ಸಭೇಲಿ ಪ್ರಭುಭೋಜನ ನಡೆಸೋ ಗೌರವ ಪಾಲಿಕಾರ್ಪ್‌ಗೆ ಬಿಟ್ಕೊಟ್ರು. ಮುಂದೆ ರೋಮಿನ ಬಿಷಪ್ ವಿಕ್ಟರ್ ಇದೇ ವಿಷಯಕ್ಕೆ ಏಷ್ಯಾದ ಸಭೆಗಳನ್ನೇ ಹೊರಗೆ ಹಾಕೋಕೆ ಹೊರಟಾಗ ಐರೇನಿಯಸ್ ಕಾಗದ ಬರೆದು ಬೇಡ ಅಂದ್ರು, ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ನಾವು ಬೇರೆ ಬೇರೆ ಆಗಿರೋದೇ ವಿಶ್ವಾಸದಲ್ಲಿ ಒಂದು ಅಂತ ತೋರ್ಸುತ್ತೆ ಅಂತ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದು ಉಪವಾಸದ್ದಾಯ್ತು ಸರ್, ದುಪಟ್ಟಾದ್ದು ಹೇಳಿ."