ಲೂಪ್ ಎಣಿಸುವ ಅಕ್ಷರ, ನಾವು ಎಣಿಸುವ ಅಕ್ಷರ

ಜಯನಗರದ ಶನಿವಾರದ ಪೈಥಾನ್ ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ಫಾರ್ ಲೂಪ್ (ಸಾಲಿನಲ್ಲಿರುವ ಒಂದೊಂದಕ್ಕೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ) ಹೇಳಿಕೊಡುವಾಗ ನಾನು ಮೊದಲು ಬರೆಸುವುದು ‘ಬೆಂಗಳೂರು’ ಎಂಬ ಪದವನ್ನು. ಒಂದೊಂದು ಅಕ್ಷರವನ್ನೂ ಒಂದೊಂದು ಸಾಲಿನಲ್ಲಿ ಪ್ರಿಂಟ್ ಮಾಡಿ ಅನ್ನುತ್ತೇನೆ. ಬೆಂ, ಗ, ಳೂ, ರು. ನಾಲ್ಕು ಸಾಲು ಬರಬೇಕು, ಅಲ್ವಾ? ಬರುವುದು ಎಂಟು.

ಲೂಪ್ ತಪ್ಪು ಮಾಡಿಲ್ಲ. ಕಂಪ್ಯೂಟರಿನಲ್ಲಿ ಲಿಪಿಯ ಒಂದೊಂದು ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಪದ್ಧತಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ‘ಬ’ ಒಂದು ಸಂಕೇತ, ಎತ್ವ ಇನ್ನೊಂದು, ಸೊನ್ನೆ ಮತ್ತೊಂದು. ಪೈಥಾನ್ 3ರಲ್ಲಿ ಸ್ಟ್ರಿಂಗ್ ಅಂದರೆ ಈ ಸಂಕೇತಗಳ ಸಾಲು. ಲೂಪ್ ಅವನ್ನು ಒಂದೊಂದಾಗಿ ಕೈಗೆ ಕೊಡುತ್ತದೆ, ಅಷ್ಟೇ.

ಸುಮ್ನೆ ಕ್ಲಾಸಿನ ಕಸರತ್ತು ಅಂದುಕೊಳ್ಳಬೇಡಿ. ಹಿಂದೊಮ್ಮೆ ನಾನು ಕೆಲಸ ಮಾಡಿದ ಪ್ರಾಜೆಕ್ಟಿನಲ್ಲಿ ಕಾರ್ಡಿನ ಮೇಲೆ ಹೆಸರಿಗೆ 12 ಸಂಕೇತಗಳ ಜಾಗವಿತ್ತು. ‘ಲಕ್ಷ್ಮೀದೇವಮ್ಮ’ ನಮ್ಮ ಲೆಕ್ಕದಲ್ಲಿ ಐದೇ ಅಕ್ಷರ. ಕಂಪ್ಯೂಟರಿಗೆ 13. ಕಾರ್ಡಿನಲ್ಲಿ ‘ಲಕ್ಷ್ಮೀದೇವಮ್’ ಎಂದು ಅಚ್ಚಾಯಿತು. ಒಬ್ಬ ಹೆಂಗಸಿನ ಹೆಸರನ್ನು ಹಾಗೆ ಮೊಟಕು ಮಾಡಿದ್ದು ನನಗೆ ಇವತ್ತಿಗೂ ಬೇಸರ.

ಪರಿಹಾರ ಲೂಪಿನೊಳಗೇ ಇದೆ. ಒಂದು ಖಾಲಿ ಲಿಸ್ಟ್ ಇಟ್ಟುಕೊಳ್ಳಿ. ಪ್ರತಿ ಸಂಕೇತ ಬಂದಾಗಲೂ ಎರಡು ಪ್ರಶ್ನೆ ಕೇಳಿ. ಇದು ಗುಣಿತದ ಚಿಹ್ನೆಯೋ, ಸೊನ್ನೆಯೋ, ಹಲಂತವೋ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ)? ಹಾಗಿದ್ದರೆ ಲಿಸ್ಟಿನ ಕೊನೆಯ ತುಂಡಿಗೆ ಅಂಟಿಸಿ. ಇದು ವ್ಯಂಜನವಾಗಿದ್ದು, ಕೊನೆಯ ತುಂಡು ಹಲಂತದಲ್ಲಿ ಮುಗಿದಿದೆಯೋ? ಆಗಲೂ ಅಂಟಿಸಿ, ಅದು ಒತ್ತಕ್ಷರ. ಎರಡೂ ಅಲ್ಲದಿದ್ದರೆ ಹೊಸ ತುಂಡು ಶುರು.

‘ಕ್ಷ್ಮೀ’ಯನ್ನೇ ನೋಡಿ. ‘ಕ’ ಬಂತು, ಹೊಸ ತುಂಡು. ಹಲಂತ ಅಂಟಿ ‘ಕ್’ ಆಯಿತು. ‘ಷ’ ಬಂದಾಗ ಹಿಂದೆ ಹಲಂತ ಇದೆ, ‘ಕ್ಷ’ ಆಯಿತು. ಮತ್ತೆ ಹಲಂತ, ಮತ್ತೆ ‘ಮ’, ಕೊನೆಗೆ ದೀರ್ಘ. ಲೂಪ್ ಆರು ಸಲ ಸುತ್ತಿತು, ಕೈಗೆ ಬಂದದ್ದು ಒಂದೇ ಅಕ್ಷರ. ಹಿಂದಿನದನ್ನು ನೆನಪಿಟ್ಟುಕೊಂಡು ಸುತ್ತುವ ಲೂಪ್ ಅಂದರೆ ಇದೇ. ಹುಡುಗರಿಗೆ ಇದು ಒಮ್ಮೆ ಹಿಡಿಸಿದರೆ ಮುಂದಿನ ಪಾಠಗಳು ಸಲೀಸು.

ಚಿಹ್ನೆಗಳ ಪಟ್ಟಿಯನ್ನು ಕೈಯಲ್ಲಿ ಬರೆಯಬೇಕಿಲ್ಲ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) ಪ್ರತಿ ಸಂಕೇತದ ವರ್ಗ ಹೇಳುತ್ತದೆ. ಗುಣಿತದ ಚಿಹ್ನೆ, ಸೊನ್ನೆ, ಹಲಂತ ಇವೆಲ್ಲದರ ವರ್ಗದ ಹೆಸರೂ ಇಂಗ್ಲಿಷಿನ ‘ಎಂ’ (M) ಅಕ್ಷರದಿಂದ ಶುರುವಾಗುತ್ತದೆ.

ಇನ್ನೊಂದು ಮಾತು. ‘ಫೇಸ್‌ಬುಕ್’ ಎಂದು ಬರೆಯುವಾಗ ‘ಬು’ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿರುತ್ತೇವೆ. ಅದನ್ನೂ ಹಿಂದಿನ ತುಂಡಿಗೇ ಅಂಟಿಸಿ. ಆಗ ಆ ತುಂಡು ಹಲಂತದಲ್ಲಿ ಮುಗಿಯುವುದಿಲ್ಲ, ‘ಬು’ ತಾನಾಗಿಯೇ ಬೇರೆ ನಿಲ್ಲುತ್ತದೆ.